ಕಲ್ಲಿನ ಮೇಲೆ ಹೆಸರು

ಮನೆಯ ಹಿರಿಯರು ತೀರಿಹೋದರು. ವರ್ಷ ತುಂಬುವುದರೊಳಗೆ ಅವರ ನೆನಪಿಗೆ ಒಂದು ಕಲ್ಲು ನಿಲ್ಲಿಸಬೇಕು ಅಂತ ನಿಮಗೆ ಆಸೆ. ನಮ್ಮ ಮೀಂಜದ ಕಡೆ ಇದು ಹೊಸತಲ್ಲ. ಸುಟ್ಟ ಜಾಗದಲ್ಲಿ ದೂಪೆ ಕಟ್ಟುವ ಮನೆಗಳಿವೆ. ಖಬರಸ್ಥಾನದಲ್ಲಿ ಮೀಸಾನ್ ಕಲ್ಲು ಉಂಟು, ಇಗರ್ಜಿಯ ಗೋರಿಗಳ ಮೇಲೆ ಶಿಲುಬೆ ಉಂಟು. ಅಲ್ಲೆಲ್ಲ ಮೊದಲು ಆಡಳಿತದವರನ್ನು ಕೇಳಿಯೇ ಮುಂದುವರಿಯಿರಿ.

ಯಾವ ಕಲ್ಲು? ಕೆಂಪು ಮುರಕಲ್ಲು ಕಟ್ಟೆಗೆ ಒಳ್ಳೆಯದು, ಆದರೆ ಅದರ ಮೈತುಂಬ ತೂತು, ಅಕ್ಷರ ನಿಲ್ಲುವುದಿಲ್ಲ. ಅಮೃತಶಿಲೆ ನೋಡಲು ಚೆಂದ, ನಮ್ಮ ಮಳೆಗೆ ಬೇಗ ಮಂಕಾಗುತ್ತದೆ. ಗಟ್ಟಿ ಶಿಲೆಕಲ್ಲೇ ಬಾಳುವುದು. 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನನ್ನು ನೋಡಿ, ಸುಮಾರು ಆರುನೂರು ಮಳೆಗಾಲ ಕಂಡಿದ್ದಾನೆ! ಅಕ್ಷರಗಳನ್ನು ಬರೀ ಬಣ್ಣದಲ್ಲಿ ಬರೆಸಬೇಡಿ, ಆಳವಾಗಿ ಕೊರೆಸಿ.

ಕೊರೆಯುವ ಮೊದಲು ಒಂದು ಕೆಲಸ ಉಂಟು. ಅದನ್ನು ನೀವೇ ಮಾಡಬೇಕು. ಬರೆಯಬೇಕಾದದ್ದನ್ನು ಕಾಗದದಲ್ಲಿ ಬರೆಯಿರಿ. ಕೆಲಸದವರು ಕಲ್ಲಿನ ಮೇಲೆ ಗೆರೆ ಎಳೆದ ಮೇಲೆ ಹೋಗಿ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. 'ಕಲ್ಯಾಣಿ' ಹೋಗಿ 'ಕಲ್ಯಾನಿ' ಆಗಿದೆಯೇ? 'ಶೆಟ್ಟಿ'ಯ ಒತ್ತು ಬಿಟ್ಟುಹೋಗಿದೆಯೇ? ಪುಸ್ತಕದಲ್ಲಾದರೆ ರಬ್ಬರಿನಿಂದ ಉಜ್ಜಬಹುದು. ಕಲ್ಲಿನಲ್ಲಿ ತಪ್ಪಿದರೆ ಅಮ್ಮನ ಹೆಸರು ತಪ್ಪಾಗಿಯೇ ಉಳಿಯಿತು. ಓದಿದ ಮಗ ಬರಲಿ ಅಂತ ಕಾಯಬೇಡಿ, ನಿಮಗೂ ಈಗ ಓದು ಬರುತ್ತದಲ್ಲ.

ತಾರೀಕಿನಲ್ಲಿ ತಿಂಗಳ ಹೆಸರು ಬರೆಸಿ. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ರಂದು. 6-9-1963 ಅಂತ ಬರೆದರೆ ನಮಗೆ ತಿಳಿಯುತ್ತದೆ. ಅಮೆರಿಕದಲ್ಲಿ ತಿಂಗಳು ಮೊದಲು ಬರೆಯುವ ಕ್ರಮ, ಅಲ್ಲಿ ಬೆಳೆದ ಮೊಮ್ಮಗ ಜೂನ್ 9 ಅಂತ ಓದಿಯಾನು.

ಪೈಗಳ ಸ್ಮಾರಕ ಬರೀ ಕಲ್ಲಲ್ಲ. ಮಂಜೇಶ್ವರದಲ್ಲಿ ಅವರ ಮನೆಯನ್ನೇ ಉಳಿಸಿ, ಅವರ ಕವನ ಸಂಕಲನದ ಹೆಸರನ್ನೇ ಇಟ್ಟು 'ಗಿಳಿವಿಂಡು' ಮಾಡಿದ್ದಾರೆ. ನಮ್ಮ ಕೈಗೆ ಅಷ್ಟು ದೊಡ್ಡದು ಎಟುಕದು. ಶಾಲೆಯ ಎದುರು ಒಂದು ಕಲ್ಲುಬೆಂಚು ಹಾಕಿಸಿದರೂ ಆಯಿತು. ಬಸ್ಸಿಗೆ ಕಾಯುವ ಮಕ್ಕಳು ಹೆಸರು ಓದುತ್ತಾರೆ, ನನಗಂತೂ ಅದೇ ಹೆಚ್ಚು ಇಷ್ಟ.

ಇನ್ನು ಆರೈಕೆ. ಕಟ್ಟೆಗೆ ಸ್ವಲ್ಪ ಇಳಿಜಾರು ಇರಲಿ, ನೀರು ನಿಲ್ಲಬಾರದು. ಕಬ್ಬಿಣದ ಸರಳು ಬೇಡ, ತುಕ್ಕು ಹಿಡಿದು ಉಬ್ಬಿದರೆ ಕಲ್ಲು ಸೀಳುತ್ತದೆ. ಮಳೆಗಾಲ ಮುಗಿದ ಮೇಲೆ ಪಾಚಿಯನ್ನು ತೆಂಗಿನ ನಾರಿನಿಂದ ಬರೀ ನೀರು ಹಾಕಿ ಉಜ್ಜಿ. ತಂತಿ ಬ್ರಷ್ಷು, ಆಸಿಡ್ ಮುಟ್ಟಿಸಬೇಡಿ. ಅಮೃತಶಿಲೆಗೆ ಲಿಂಬೆಹುಳಿಯೂ ಆಗದು, ಅದು ಕಲ್ಲನ್ನೇ ತಿನ್ನುತ್ತದೆ. ದೀಪವನ್ನು ಕಲ್ಲಿಗೆ ಒರಗಿಸದೆ ಒಂದು ಗೇಣು ದೂರ ಇಡಿ. ಬಿರುಕಿನಲ್ಲಿ ಅಶ್ವತ್ಥದ ಗಿಡ ಮೂಡಿದರೆ ಚಿಕ್ಕದಿರುವಾಗಲೇ ಕಿತ್ತುಬಿಡಿ.

ಓದಿ, ಬರೆಯಿರಿ: ನಿಮ್ಮ ಮನೆಯಲ್ಲಿ ತೀರಿಹೋದ ಒಬ್ಬರ ಪೂರ್ತಿ ಹೆಸರು, ಮನೆಯ ಹೆಸರು, ಹುಟ್ಟಿದ ಮತ್ತು ತೀರಿದ ದಿನ. ಬರೆದದ್ದನ್ನು ಪಕ್ಕದಲ್ಲಿ ಕೂತವರಿಗೆ ಕೊಟ್ಟು ಗಟ್ಟಿಯಾಗಿ ಓದಿಸಿ.