ಸಾಲ ಒಂದೇ, ಸಂಕಟ ಎರಡು ಥರ

ಪ್ರಶ್ನೆ: ನನಗೆ 38, ಪತಿಗೆ 44. ಅಂಗಡಿ ನಷ್ಟಕ್ಕೆ ಬಿದ್ದ ಮೇಲೆ ಇಬ್ಬರ ತಲೆಯ ಮೇಲೂ ಅದೇ ಸಾಲ. ನನಗೆ ನಿದ್ದೆ ಬರುವುದಿಲ್ಲ, ತಲೆನೋವು, ಮಾತೆತ್ತಿದರೆ ಕಣ್ಣೀರು. ಮುಟ್ಟಿನ ಹಿಂದಿನ ವಾರವಂತೂ ಕೇಳಲೇಬೇಡಿ. ಅಕ್ಕನಿಗೆ ಫೋನ್ ಮಾಡಿ ಹೇಳಿಕೊಂಡರೆ ಒಂದಿಷ್ಟು ಹಗುರ. ಅವರು ತುಟಿ ಪಿಟಕ್ಕೆನ್ನುವುದಿಲ್ಲ. ಸುಮ್ಮಸುಮ್ಮನೆ ಸಿಡುಕು, ರಾತ್ರಿ ಕುಡಿದು ಬರುತ್ತಾರೆ. ‘ಹೆಂಗಸರ ಮನಸ್ಸೇ ವೀಕು’ ಎನ್ನುತ್ತಾರೆ. ನಿಜವೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಜವಲ್ಲ. ಒತ್ತಡ ಬಂದಾಗ ಇಬ್ಬರಲ್ಲೂ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯೇ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಸುರಿಸುತ್ತದೆ. ಇದನ್ನು ಅಳೆಯಲು 1993ರಲ್ಲಿ ಜರ್ಮನಿಯ ಟ್ರಿಯರ್‌ನಲ್ಲಿ ಒಂದು ಪರೀಕ್ಷೆ ರೂಪಿಸಿದರು. ಮುಖದಲ್ಲಿ ನಗುವಿಲ್ಲದ ಅಪರಿಚಿತರ ಮುಂದೆ ಭಾಷಣ ಮಾಡಬೇಕು, ಆಮೇಲೆ 1022ರಿಂದ 13 ಕಳೆಯುತ್ತ ಹೋಗಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಎಂಜಲಿನಲ್ಲಿ ಕಾರ್ಟಿಸಾಲ್ ನೋಡಿದರೆ ಸಾಮಾನ್ಯವಾಗಿ ಹೆಚ್ಚು ಏರುವುದು ಗಂಡಸರದ್ದೇ! ಹೆಂಗಸರಲ್ಲಿ ಅದು ಋತುಚಕ್ರದ ಮೊದಲರ್ಧದಲ್ಲಿ ಕಡಿಮೆ, ಅಂಡ ಬಿಡುಗಡೆಯಾದ ಮೇಲೆ ಗಂಡಸರ ಮಟ್ಟಕ್ಕೆ ಹತ್ತಿರ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇನ್ನೂ ಕಡಿಮೆ.

ಹಾಗೆಂದು ಕಾರ್ಟಿಸಾಲ್ ಕಡಿಮೆಯಿದ್ದವರು ಸುರಕ್ಷಿತ ಎಂದಲ್ಲ. ಖಿನ್ನತೆ ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ಇದಕ್ಕೆ ಹಾರ್ಮೋನನ್ನಷ್ಟೇ ದೂರುವುದು ನನಗೆ ಒಪ್ಪಿಗೆಯಿಲ್ಲ. ಸಾಲದ ಚಿಂತೆಯ ಜೊತೆಗೇ ಅಡುಗೆ, ಮಕ್ಕಳು, ಅತ್ತೆಯ ಔಷಧಿ ಯಾರ ಪಾಲಿಗೆ ಬರುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಅಕ್ಕನಿಗೆ ಫೋನ್ ಮಾಡುವುದನ್ನು ಬಿಡಬೇಡಿ. ‘ಹೋರಾಡು ಇಲ್ಲವೇ ಓಡು’ ಎಂಬ ಸೂತ್ರ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಕಾಲದಿಂದ ಪಠ್ಯಪುಸ್ತಕದಲ್ಲಿದೆ. 2000ನೇ ಇಸವಿಯಲ್ಲಿ ಮನೋವಿಜ್ಞಾನಿ ಶೆಲ್ಲಿ ಟೇಲರ್ ಮತ್ತು ಸಂಗಡಿಗರು, ಹೆಣ್ಣು ಒತ್ತಡದಲ್ಲಿ ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತಾಳೆ, ನಾಲ್ಕು ಜನರನ್ನು ಕೂಡಿಕೊಳ್ಳುತ್ತಾಳೆ, ಇದರಲ್ಲಿ ಆಕ್ಸಿಟೋಸಿನ್ ಪಾತ್ರವಿದೆ ಎಂದು ವಾದಿಸಿದರು. 1995ಕ್ಕೆ ಮುಂಚಿನ ಇಂಥ ಪ್ರಯೋಗಗಳಲ್ಲಿ ಹೆಂಗಸರು ಶೇ 17ರಷ್ಟೇ ಇದ್ದರು ಎಂಬುದನ್ನೂ ಅವರೇ ಎತ್ತಿ ತೋರಿಸಿದರು. ಅರ್ಧ ಮನುಕುಲವನ್ನು ಬಿಟ್ಟು ಬರೆದ ಸೂತ್ರ!

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮ ಕಣ್ಣೀರಲ್ಲ, ಅವರ ಮೌನ. ಗಂಡಸರ ಖಿನ್ನತೆ ಎಷ್ಟೋ ಸಲ ಸಿಡುಕು, ಕುಡಿತದ ವೇಷದಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ನೂರು ಜನರಲ್ಲಿ 70ಕ್ಕೂ ಹೆಚ್ಚು ಮಂದಿ ಗಂಡಸರು. ‘ಬಿಪಿ, ಶುಗರ್ ನೋಡಿಸೋಣ’ ಎಂಬ ನೆಪದಲ್ಲಾದರೂ ವೈದ್ಯರ ಬಳಿ ಕರೆದೊಯ್ಯಿರಿ. ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಅಂದೇ ಹೋಗಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನೀವು ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ಅಳು, ನಿದ್ದೆ ಗುರುತು ಹಾಕಿ ವೈದ್ಯರಿಗೆ ತೋರಿಸಿ. ಮುಟ್ಟಿನ ಪೂರ್ವದ ಆ ತೊಂದರೆಗೆ ಚಿಕಿತ್ಸೆ ಇದೆ.

ಪ್ರಶ್ನೆ: ತಂದೆ ತೀರಿಕೊಂಡ ಮರುದಿನ 62ರ ಅಮ್ಮನಿಗೆ ಎದೆನೋವು ಬಂತು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ, ಆದರೂ ಹೃದಯ ದುರ್ಬಲ ಎಂದರು. ಇದೇನು?
– ಓದುಗ, ಶಿರಸಿ

ಉತ್ತರ: ಟಾಕೊಟ್ಸುಬೊ ಎಂಬ ಹೃದಯದ ತೊಂದರೆ ಇರಬಹುದು. ತೀವ್ರ ಆಘಾತದಲ್ಲಿ ಅಡ್ರಿನಲಿನ್ ಉಕ್ಕಿ ಹೃದಯದ ತುದಿ ಕೆಲಕಾಲ ಸ್ತಬ್ಧವಾಗುತ್ತದೆ. ಹತ್ತರಲ್ಲಿ ಒಂಬತ್ತು ರೋಗಿಗಳು ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ಮೊದಲ ದಿನಗಳು ಅಪಾಯದವು. ಔಷಧಿ ನಿಲ್ಲಿಸಬೇಡಿ, ಮತ್ತೆ ಎಕೋ ಮಾಡಿಸಿ. ಸಾವಿನ ಮನೆಯಲ್ಲಿ ಹೆಂಗಸೊಬ್ಬರು ಎದೆ ಹಿಡಿದುಕೊಂಡರೆ ‘ದುಃಖಕ್ಕೆ ಹೀಗಾಗಿದೆ’ ಎಂದು ನೀರು ಕುಡಿಸಿ ಕೂರಿಸಬೇಡಿ. ಮೊದಲು ಇಸಿಜಿ ಮಾಡಿಸಿ.