ನಾಣ್ಯದ ಲೋಹವನ್ನು ನೀರಿನಿಂದ ಪರೀಕ್ಷಿಸುವ ಕ್ರಮ

ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ, ವಾಡಿ ಈ ಸೀಮೆಯ ಹಳೆಯ ಮನೆಗಳಲ್ಲಿ ಅಜ್ಜಿಯರ ಪೆಟ್ಟಿಗೆಯ ತಳದಲ್ಲಿ ಬೆಳ್ಳಿಯ ರೂಪಾಯಿಗಳು ಇಂದಿಗೂ ದೊರೆಯುವುದುಂಟು. ಅವುಗಳಲ್ಲಿ ಕೆಲವು ಚಾರ್ಮಿನಾರಿನ ಮುದ್ರೆಯುಳ್ಳ ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕಗಳು; ಕೆಲವು ರಾಣಿಯ ಅಥವಾ ರಾಜನ ತಲೆಯುಳ್ಳ ಬ್ರಿಟಿಷ್ ಸರಕಾರದ ರೂಪಾಯಿಗಳು. ಈ ಎರಡನೆಯವನ್ನು ನಮ್ಮ ಹಿರಿಯರು ಕಲ್ದಾರವೆಂದು ಕರೆಯುತ್ತಿದ್ದರು. ಕಷ್ಟಕಾಲದಲ್ಲಿ ಇವನ್ನು ಮಾರಲು ಒಯ್ದರೆ, ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ಒಂದೇ ಮಾತಿನಲ್ಲಿ ಬೆಲೆ ಕಟ್ಟುವುದುಂಟು. ಆ ಬೆಲೆಯು ನ್ಯಾಯವಾದುದೋ ಅಲ್ಲವೋ ಎಂಬುದನ್ನು ಮನೆಯ ಹೆಣ್ಣುಮಗಳು ತಾನೇ ಅರಿಯಬಹುದು. ಅದಕ್ಕೆ ಬೇಕಾದ ಪಾಠವು ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಪೂರ್ವವಿದ್ಯಾರ್ಥಿನಿಯರೂ ಪಾಲಕರೂ ಅದನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಲೆಂದು ಇಲ್ಲಿ ವಿವರಿಸುತ್ತೇವೆ.

ತತ್ತ್ವ. ಒಂದು ವಸ್ತುವಿನ ತೂಕವನ್ನು ಅದರ ಗಾತ್ರದಿಂದ ಭಾಗಿಸಿದರೆ ಬರುವುದೇ ಸಾಂದ್ರತೆ. ಒಂದು ಘನ ಸೆಂಟಿಮೀಟರ್ ಶುದ್ಧ ಬೆಳ್ಳಿಯು ೧೦.೪೯ ಗ್ರಾಂ ತೂಗುತ್ತದೆ, ತಾಮ್ರವು ೮.೯೬, ನಿಕ್ಕಲ್ಲು ೮.೯, ಸತುವು ೭.೧, ತವರವು ೭.೩, ಸೀಸವು ೧೧.೩, ಚಿನ್ನವು ೧೯.೩ ಗ್ರಾಂ. ನಾಣ್ಯದ ತೂಕವನ್ನು ಅರಿಯುವುದು ಸುಲಭ; ಉಬ್ಬುತಗ್ಗುಗಳುಳ್ಳ ಅದರ ಗಾತ್ರವನ್ನು ಅಳೆಯುವುದು ಕಷ್ಟ. ಈ ತೊಡಕನ್ನು ಆರ್ಕಿಮಿಡೀಸನ ನಿಯಮವು ಬಿಡಿಸುತ್ತದೆ. ಮುಳುಗಿದ ವಸ್ತುವು ತನ್ನ ಗಾತ್ರದಷ್ಟೇ ನೀರನ್ನು ಸರಿಸುತ್ತದೆ. ಒಂದು ಘನ ಸೆಂಟಿಮೀಟರ್ ನೀರಿನ ತೂಕವು ಒಂದು ಗ್ರಾಂ. ಆದಕಾರಣ ಸರಿದ ನೀರಿನ ತೂಕವೇ ವಸ್ತುವಿನ ಗಾತ್ರ.

ಕ್ರಮ. ಗ್ರಾಮಿನ ನೂರನೆಯ ಅಂಶವನ್ನು ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಲೋಟ ನೀರು, ತೆಳುವಾದ ದಾರ, ಇಷ್ಟು ಸಾಕು. ಮೊದಲು ಒಣ ನಾಣ್ಯವನ್ನು ತೂಗಿ ಬರೆದುಕೊಳ್ಳಬೇಕು. ಬಳಿಕ ಕಾಯಿಸಿ ಆರಿಸಿದ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕವನ್ನು ಸೊನ್ನೆಗೆ ತರಬೇಕು. ಲೋಟದ ಎರಡು ಪಕ್ಕಗಳಲ್ಲಿಯೂ ಪುಸ್ತಕಗಳನ್ನು ಪೇರಿಸಿ, ಅವುಗಳ ಮೇಲೆ ಅಡ್ಡಲಾಗಿ ಒಂದು ಕಡ್ಡಿಯನ್ನಿಟ್ಟು, ದಾರದಿಂದ ನಾಣ್ಯವನ್ನು ನೀರಿನೊಳಗೆ ಇಳಿಬಿಡಬೇಕು. ಅದು ತಳಕ್ಕಾಗಲಿ ಬದಿಗಾಗಲಿ ತಾಗಕೂಡದು. ನೀರು ನಾಣ್ಯವನ್ನು ಎಷ್ಟು ಬಲದಿಂದ ಮೇಲಕ್ಕೆ ಒತ್ತುವುದೋ ಅಷ್ಟೇ ಬಲದಿಂದ ನಾಣ್ಯವು ನೀರನ್ನು ಕೆಳಕ್ಕೆ ಒತ್ತುವುದರಿಂದ, ತಕ್ಕಡಿಯು ಸರಿದ ನೀರಿನ ತೂಕವನ್ನೇ ತೋರಿಸುತ್ತದೆ. ಗಾಳಿಯ ಗುಳ್ಳೆಗಳು ಅಂಟಿದ್ದರೆ ಲೆಕ್ಕವು ಕೆಡುತ್ತದೆ. ಅವನ್ನು ಅಲುಗಿಸಿ ಬಿಡಿಸಬೇಕು.

ಹೊಸಬರು ಮೊದಲು ನಮ್ಮೂರ ಶಹಾಬಾದ ಕಲ್ಲಿನ ಚೂರಿನ ಮೇಲೆ ಕೈ ಪಳಗಿಸಿಕೊಳ್ಳಲಿ. ಅದು ಸುಣ್ಣದ ಕಲ್ಲಾದುದರಿಂದ ೫೪ ಗ್ರಾಮಿನ ತುಂಡು ಸುಮಾರು ೨೦ ಗ್ರಾಂ ನೀರನ್ನು ಸರಿಸಬೇಕು, ಸಾಂದ್ರತೆಯು ೨.೭ರ ಸಮೀಪಕ್ಕೆ ಬಂದರೆ ಕೈ ಸರಿಯಾಗಿದೆಯೆಂದು ತಿಳಿಯಬೇಕು.

ಹಾಲಿ ಮತ್ತು ಕಲ್ದಾರ. ಕಲ್ದಾರದ ತೂಕವು ಸರಿಯಾಗಿ ಒಂದು ತೊಲ, ಅಂದರೆ ೧೧.೬೬ ಗ್ರಾಂ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಹಾಲಿ ರೂಪಾಯಿಯ ತೂಕವು ೧೧.೧೮ ಗ್ರಾಂ, ಅದರಲ್ಲಿ ಸಾವಿರಕ್ಕೆ ೮೧೮ ಪಾಲು ಬೆಳ್ಳಿ. ಉಳಿದುದನ್ನು ತಾಮ್ರವೆಂದು ಎಣಿಸಿದರೆ ಕಲ್ದಾರದ ಸಾಂದ್ರತೆಯು ೧೦.೩೪, ಹಾಲಿಯದು ೧೦.೧೭ ಆಗುತ್ತದೆ. ಈ ಅಂತರವು ಬಹಳ ಸಣ್ಣದು. ಒಂದೇ ಹಾಲಿ ರೂಪಾಯಿಯನ್ನು ಮುಳುಗಿಸಿದರೆ ೧.೧೦ ಗ್ರಾಂ ನೀರು ಸರಿಯುತ್ತದೆ. ಅದರಲ್ಲಿ ನೂರನೆಯ ಒಂದು ಅಂಶ ತಪ್ಪಿದರೂ ಉತ್ತರವು ೧೦.೦೭ರಿಂದ ೧೦.೨೬ರವರೆಗೆ ಓಲಾಡುವುದು. ಆದುದರಿಂದ ಒಂದೇ ಜಾತಿಯ ಹತ್ತು ನಾಣ್ಯಗಳನ್ನು ಒಟ್ಟಿಗೆ ಮುಳುಗಿಸಬೇಕು. ಆಗ ಹಾಲಿಯ ಹತ್ತು ೧೦.೯೯ ಗ್ರಾಂ, ಕಲ್ದಾರದ ಹತ್ತು ೧೧.೨೮ ಗ್ರಾಂ ನೀರನ್ನು ಸರಿಸುವುವು. ತಪ್ಪು ಹತ್ತರಲ್ಲಿ ಒಂದಾಗುವುದು.

೧೮೭೪ರಲ್ಲಿ ನಿಜಾಮರ ರೈಲುಮಾರ್ಗವು ವಾಡಿಯಲ್ಲಿ ಮುಂಬಯಿಯ ಮಾರ್ಗವನ್ನು ಕೂಡಿತು. ಈ ಸೀಮೆಯ ವ್ಯಾಪಾರದಲ್ಲಿ ಎರಡು ನಾಣ್ಯಗಳೂ ಬಳಕೆಯಲ್ಲಿದ್ದುವು. ಮುಂದೆ ನಿಂತ ದರವು ೧೦೦ ಕಲ್ದಾರಕ್ಕೆ ಹಾಲಿ ೧೧೬ ರೂಪಾಯಿ ೧೦ ಆಣೆ ೮ ಪೈ, ಅಂದರೆ ಆರಕ್ಕೆ ಏಳು. ಈಗ ಬೆಳ್ಳಿಯನ್ನು ಎಣಿಸಿ ನೋಡೋಣ. ಆರು ಕಲ್ದಾರದಲ್ಲಿ ೬೪.೨ ಗ್ರಾಂ, ಏಳು ಹಾಲಿಯಲ್ಲಿ ೬೪.೦ ಗ್ರಾಂ! ಪೇಟೆಯವರು ಬಾಯಿಪಾಠವಾಗಿ ಹೇಳುತ್ತಿದ್ದ ದರವು ಲೋಹದೊಳಗೇ ಅಡಗಿತ್ತೆಂಬುದನ್ನು ಒಂದು ಲೋಟ ನೀರು ನಮಗೆ ತೋರಿಸಿಕೊಡುತ್ತದೆ. ೧೯೪೮ರಲ್ಲಿ ಹೈದರಾಬಾದು ಭಾರತವನ್ನು ಸೇರಿದ ಮೇಲೆ ಹಾಲಿಯ ಚಲಾವಣೆಯು ಕ್ರಮೇಣ ನಿಂತುಹೋಯಿತು.

ಎಚ್ಚರಿಕೆ. ೧೯೪೦ರಲ್ಲಿ, ಯುದ್ಧಕಾಲದಲ್ಲಿ, ಕಲ್ದಾರದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ತಾಮ್ರ, ನಿಕ್ಕಲ್ಲು, ಸತುವುಗಳನ್ನು ಬೆರೆಸಿದರು. ತೂಕವು ಮೊದಲಿನದೇ, ಬೆಳ್ಳಿಯು ೧೦.೭ ಗ್ರಾಮಿಗೆ ಬದಲಾಗಿ ೫.೮ ಗ್ರಾಂ ಮಾತ್ರ. ಇದರ ಸಾಂದ್ರತೆಯು ೯.೫ರ ಸುಮಾರು ಆದುದರಿಂದ ಒಂದೇ ನಾಣ್ಯದಿಂದಲೂ ಗುರುತಿಸಬಹುದು. ೧೯೪೭ರ ರೂಪಾಯಿಯು ನಿಕ್ಕಲ್ಲಿನದು. ಅದನ್ನು ಅಯಸ್ಕಾಂತವೇ ಸೆಳೆದು ತೋರಿಸುತ್ತದೆ. ಇವೆಲ್ಲವನ್ನೂ ಒಂದೇ ರಾಶಿಯಾಗಿ ಮಾರಿದವರಿಗೆ ನಷ್ಟವು ತಪ್ಪದು.

ಆದರೆ ಸಾಂದ್ರತೆಯೊಂದೇ ಸಾಕ್ಷಿಯಲ್ಲ. ನಾಲ್ಕು ಪಾಲು ಸೀಸಕ್ಕೆ ಒಂದು ಪಾಲು ತವರವನ್ನು ಕೂಡಿಸಿದರೆ ಸಾಂದ್ರತೆಯು ೧೦.೨ ಆಗಿ ಹಾಲಿಯಂತೆಯೇ ತೋರುವುದು. ಅಂಥ ಖೋಟಾ ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿದರೆ ಬೆಳ್ಳಿಯ ಇಂಪಾದ ನಾದವಿಲ್ಲದೆ ಮೊಂಡು ಸದ್ದು ಬರುವುದು. ಅಜ್ಜಿಯ ಕಿವಿಯ ಪರೀಕ್ಷೆಯನ್ನೂ ಮೊಮ್ಮಗಳ ತಕ್ಕಡಿಯ ಪರೀಕ್ಷೆಯನ್ನೂ ಕೂಡಿಸಿ ತೀರ್ಮಾನಿಸುವುದು ಜಾಣತನ. ಪರೀಕ್ಷೆಗಾಗಿ ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕಬಾರದು, ಅರದಿಂದ ಉಜ್ಜಬಾರದು.

ಇನ್ನೊಂದು ವಿಶೇಷವನ್ನು ಹೇಳಿ ಮುಗಿಸುತ್ತೇವೆ. ಕೈಯಿಂದ ಕೈಗೆ ನಡೆದು ಸವೆದ ನಾಣ್ಯದ ತೂಕವು ಕುಗ್ಗುತ್ತದೆ, ಮುದ್ರೆಯು ಮಾಸುತ್ತದೆ. ಸಾಂದ್ರತೆಯು ಮಾತ್ರ ಬದಲಾಗದು. ಲೂಕನ ಸುವಾರ್ತೆಯ ೧೫ನೆಯ ಅಧ್ಯಾಯದಲ್ಲಿ ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಕ್ಕುವ ತನಕ ಹುಡುಕಿದಳೆಂದು ಓದುತ್ತೇವೆ. ತನ್ನ ಹತ್ತರ ಲೆಕ್ಕವು ಅವಳಿಗೆ ತಿಳಿದಿತ್ತು. ನಮ್ಮ ಹೆಣ್ಣುಮಕ್ಕಳೂ ಮುಂದಿನ ರಜೆಯಲ್ಲಿ ಅಜ್ಜಿಯ ಅಪ್ಪಣೆ ಪಡೆದು ಪೆಟ್ಟಿಗೆಯನ್ನು ತೆಗೆಯಲಿ. ಪ್ರತಿಯೊಂದು ನಾಣ್ಯದ ವರ್ಷ, ತೂಕ, ಸರಿದ ನೀರು, ಸಾಂದ್ರತೆ ಇವನ್ನು ಒಂದು ಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿಯೇ ಇಡಲಿ. ಆ ಪುಸ್ತಕವಿರುವ ಮನೆಯಲ್ಲಿ ಯಾರೂ ಕಣ್ಣುಮುಚ್ಚಿ ಬೆಳ್ಳಿಯನ್ನು ಮಾರಬೇಕಾಗುವುದಿಲ್ಲ.