ಭಟ್ಟರ ಮನೆಯಲ್ಲಿ ಒಂದು ರಾತ್ರಿ: ಕೊಡಚಾದ್ರಿಗೆ ಹೊರಡುವ ಮುನ್ನ

ಶನಿವಾರ ಬೆಳಗಿನ ಜಾವ ವಿನೋಬನಗರದ ಪೊಲೀಸ್ ಚೌಕಿ ಬಳಿ ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಆಟೊಗೆ ಕಾಯುವ ನಾಲ್ಕೈದು ಹುಡುಗರು ಕಂಡರೆ ಎಲ್ಲಿಗೆ ಹೊರಟಿದ್ದಾರೆಂದು ಊಹಿಸುವುದು ಕಷ್ಟವಲ್ಲ. ಶಿವಮೊಗ್ಗದವರಿಗೆ ಗುಡ್ಡ ಎಂದರೆ ಮೊದಲು ನೆನಪಾಗುವುದೇ ಕೊಡಚಾದ್ರಿ. ಅವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿ ಎಲ್ಲಿ?

ಆಲ್ಪ್ಸ್ ಬೆಟ್ಟಗಳಲ್ಲಿ ಈ ಪ್ರಶ್ನೆಗೆ ಚಾರಣ ಸಂಘಗಳೇ ಉತ್ತರ ಕಟ್ಟಿಟ್ಟಿವೆ. ಸ್ವಿಸ್ ಆಲ್ಪೈನ್ ಕ್ಲಬ್ 1863ರಲ್ಲಿ ಹುಟ್ಟಿತು. ಅದೇ ವರ್ಷ ಟೋಡಿ ಶಿಖರದ ಮಗ್ಗುಲಲ್ಲಿ ತನ್ನ ಮೊದಲ ತಂಗುಮನೆ ಎಬ್ಬಿಸಿತು. ಇಂದು ಅಂಥ ಸುಮಾರು 150 ಮನೆಗಳು ಅದರ ಕೈಯಲ್ಲಿವೆ. ನಮ್ಮ ಸಹ್ಯಾದ್ರಿಯಲ್ಲಿ ಆ ಕೆಲಸವನ್ನು ಹೆಚ್ಚಾಗಿ ಮಾಡಿಕೊಂಡು ಬಂದವರು ಬೆಟ್ಟದ ಮೇಲೆಯೇ ಬಾಳುವ ಕುಟುಂಬಗಳು. ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ ಚಾರಣಿಗರ ಹಸಿವು ನೀಗಿಸಿ ಹೆಸರಾದದ್ದು. ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಅರ್ಚಕರಾದ ಭಟ್ಟರ ಮನೆಯಿದೆ, ಹತ್ತಿರದಲ್ಲೇ ಸರ್ಕಾರಿ ಪ್ರವಾಸಿ ಮಂದಿರವೂ ಇದೆ. ಇಲ್ಲಿ ತಂಗಬೇಕೆನ್ನುವವರು ಮಾಡಿಕೊಳ್ಳಬೇಕಾದ ತಯಾರಿ ಇಷ್ಟು.

1. ತಿಂಗಳು ಗೊತ್ತುಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 1343 ಮೀಟರ್ ಎತ್ತರದ ಈ ಗುಡ್ಡ ಮಳೆ, ಮಂಜು ಮತ್ತು ಉಂಬಳಗಳ ರಾಜ್ಯ. ಡಿಸೆಂಬರ್ ಬಂತೆಂದರೆ ಬೇರೊಂದು ಚಿಂತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮಲೆನಾಡಿನಲ್ಲಿ ತಲೆ ಎತ್ತುವುದು ಬೇಸಿಗೆ ಮುಗಿಯುವ ತನಕದ ಈ ಒಣ ತಿಂಗಳುಗಳಲ್ಲೇ. ಹೀಗೆ ಎರಡೂ ಕಡೆಯಿಂದ ಕಳೆದರೆ ಹೊಸಬರಿಗೆ ಉಳಿಯುವುದು ಅಕ್ಟೋಬರ್, ನವೆಂಬರ್. ಹುಲ್ಲು ಇನ್ನೂ ಹಸಿರಿರುತ್ತದೆ, ಝರಿಗಳಲ್ಲಿ ನೀರೂ ಇರುತ್ತದೆ.

2. ಅನುಮತಿ, ಆಮೇಲೆ ಮನೆಯವರಿಗೆ ಮಾತು

2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜನ ಜಾತ್ರೆಯಂತೆ ನೆರೆದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಕಡಿವಾಣ ಹಾಕಿ, ಆನ್‌ಲೈನ್ ಟಿಕೆಟ್ ವ್ಯವಸ್ಥೆಯತ್ತ ತಿರುಗಿತು. ಆದ್ದರಿಂದ ಕೊಡಚಾದ್ರಿಗೂ ಹೊರಡುವ ವಾರವೇ ಇಲಾಖೆಯ ಜಾಲತಾಣ ನೋಡಿ, ದಾರಿ ತೆರೆದಿದೆಯೇ, ಮೇಲೆ ರಾತ್ರಿ ಉಳಿಯಲು ಬಿಡುತ್ತಾರೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಬೇಕು. ಇಷ್ಟಾದ ಮೇಲೆ ತಂಗುವ ಮನೆಗೆ ಫೋನು. ಎಷ್ಟು ಜನ, ಎಷ್ಟು ಹೊತ್ತಿಗೆ, ಎಷ್ಟು ಊಟ ಎಂಬ ಮೂರು ವಿಷಯ ಸ್ಪಷ್ಟವಾಗಿ ಹೇಳಿದರೆ ಸಾಕು. ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಜೀಪಿನಲ್ಲಿ ಗುಡ್ಡ ಹತ್ತಬೇಕು. ಆರು ಮಂದಿ ಎಂದು ಹೇಳಿ ಹನ್ನೊಂದು ಮಂದಿ ಬಾಗಿಲಲ್ಲಿ ನಿಂತರೆ ಮನೆಯವರು ಮತ್ತೆ ಒಲೆ ಹಚ್ಚಬೇಕಾಗುತ್ತದೆ. ಬರುವುದು ರದ್ದಾದರೂ ಒಂದು ಕರೆ ಮಾಡಿ ತಿಳಿಸುವುದು ಮರೆಯಬಾರದು.

ಒಂಟಿಯಾಗಿ ಹೋಗಲು ಅಳುಕುವವರಿಗೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನಂಥ ಸಂಘಗಳ ಸ್ಥಳೀಯ ಘಟಕಗಳ ಜೊತೆ ಹೊರಡುವ ದಾರಿಯೂ ಇದೆ.

3. ಚೀಲದಲ್ಲಿ ಏನಿರಬೇಕು?

ತೆಳು ಹೊದಿಕೆ, ಒಂದು ಬೆಚ್ಚನೆಯ ಅಂಗಿ, ಹಗುರ ರೇನ್‌ಕೋಟ್, ತಲೆಗೆ ಕಟ್ಟುವ ಟಾರ್ಚು, ನೀರಿನ ಬಾಟಲಿ, ತಟ್ಟೆ-ಲೋಟ, ಮನೆಯ ಸುತ್ತಮುತ್ತ ಮೆಟ್ಟಲು ಹವಾಯಿ ಚಪ್ಪಲಿ. ಉಂಬಳಕ್ಕೆ ಉಪ್ಪಿನ ಗಂಟು, ಉಣುಗಿಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ. ನೆಟ್‌ವರ್ಕ್ ಕೈಕೊಟ್ಟರೆ ಫೋನ್‌ಪೇ ನಡೆಯದು. ಚಿಲ್ಲರೆ ಸಮೇತ ನಗದು ಇರಲಿ.

ಮದ್ಯ, ಮಾಂಸ ಬೇಡವೇ ಬೇಡ. ಅದು ಅರ್ಚಕರ ಮನೆ, ಪಕ್ಕದಲ್ಲೇ ಗುಡಿ.

4. ಹೋಗುವ ದಾರಿ

ಶಿವಮೊಗ್ಗ ಬಸ್ ನಿಲ್ದಾಣದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ ದಾಟಿ ನಿಟ್ಟೂರಿನತ್ತ ಸಾಗಬೇಕು. ಅಲ್ಲಿಂದ ಮುಂದೆ ಎರಡು ಆಯ್ಕೆ. ಕಟ್ಟಿನಹೊಳೆ ಕಡೆಯ ಮಣ್ಣುದಾರಿಯಲ್ಲಿ ಜೀಪು ಏರುತ್ತದೆ. ಆ ಕುಲುಕಾಟಕ್ಕೆ ಹೆದರುವವರು ಹೊಟ್ಟೆ ತುಂಬಾ ತಿಂದು ಕೂರಬಾರದು. ಕಾಲಲ್ಲಿ ಕಸುವಿದ್ದವರು ಹಿಡ್ಲುಮನೆ ಜಲಪಾತದ ಮೂಲಕ ಹತ್ತುತ್ತಾರೆ. ಈ ದಾರಿಯಲ್ಲಿ ಬಂಡೆ ಹಿಡಿದು ಏರುವ ಕಡೆಗಳಿವೆ, ಮಳೆ ಬಂದರೆ ಜಾರುತ್ತದೆ. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲೇಬೇಕು. ಯಾವ ದಾರಿಯಾದರೂ ಕತ್ತಲಾಗುವ ಮೊದಲು ಮನೆ ಸೇರುವಂತೆ ಲೆಕ್ಕ ಹಾಕಿ.

5. ಮನೆ ಸೇರಿದ ಮೇಲೆ

ಆಲ್ಪ್ಸ್‌ನ ತಂಗುಮನೆಗಳಲ್ಲಿ ಬೂಟು ಹೊಸ್ತಿಲಾಚೆ ಬಿಡಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೆಸರು ಮೆತ್ತಿದ ಕಾಲು ತೊಳೆದು, ಸಾಕ್ಸ್ ಕೊಡವಿ, ಉಂಬಳ ಹತ್ತಿದೆಯೇ ನೋಡಿಕೊಂಡೇ ಜಗುಲಿ ಹತ್ತುವುದು ಲೇಸು. ಚೀಲವಿಟ್ಟು, ಸಂಜೆ ಬೆಳಕಿರುವಾಗಲೇ ಸರ್ವಜ್ಞ ಪೀಠಕ್ಕೆ ಹೋಗಿಬರಬಹುದು. ಶಂಕರಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡ ಈ ಪುಟ್ಟ ಕಲ್ಲು ಮಂಟಪದ ಬಳಿ ಸೂರ್ಯಾಸ್ತ ನೋಡಲು ಜನ ಸೇರುತ್ತಾರೆ. ಅಲ್ಲಿಂದ ಚಿತ್ರಮೂಲದ ಗುಹೆಗೆ ಇಳಿಯುವ ದಾರಿ ಕಡಿದು; ಸಂಜೆ ಹೊತ್ತು ಅದರ ಗೊಡವೆ ಬೇಡ.

ಊಟ ಮನೆಯೂಟ. ಬಡಿಸಿದ್ದನ್ನು ಬಿಡದೆ ಉಂಡು, ತಟ್ಟೆ ತಾವೇ ತೊಳೆದಿಟ್ಟರೆ ಮನೆಯ ಹೆಂಗಸರ ಅರ್ಧ ಕೆಲಸ ಕಡಿಮೆ. ನೀರು ಧಾರಾಳ ಎಂದುಕೊಂಡು ಸ್ನಾನಕ್ಕೆ ಸಾಲುಗಟ್ಟುವುದು ಸರಿಯಲ್ಲ.

ಮಲಗುವುದು ಹತ್ತಾರು ಜನ ಒಂದೇ ಕಡೆ. ಬೇಗ ಏಳುವವರು ಚೀಲವನ್ನು ರಾತ್ರಿಯೇ ಕಟ್ಟಿಟ್ಟುಕೊಂಡರೆ ಬೆಳಗಿನ ಜಾವ ಪ್ಲಾಸ್ಟಿಕ್ ಕವರುಗಳ ಸರಪರ ಸದ್ದಿಗೆ ಉಳಿದವರ ನಿದ್ದೆ ಕೆಡುವುದಿಲ್ಲ. ಬ್ಲೂಟೂತ್ ಸ್ಪೀಕರು ಶಿವಮೊಗ್ಗದಲ್ಲೇ ಉಳಿದರೆ ಒಳ್ಳೆಯದು.

6. ಹೊರಡುವಾಗ

ಹಾಸಿಗೆ ಮಡಚಿ, ಲೆಕ್ಕ ಚುಕ್ತಾ ಮಾಡಿ, ಹೇಳಿ ಹೊರಡಬೇಕು. ಬಿಸ್ಕತ್ತಿನ ಕವರು, ಬಾಟಲಿ, ಸ್ಯಾನಿಟರಿ ಪ್ಯಾಡು ಎಲ್ಲವೂ ತಂದವರ ಚೀಲದಲ್ಲೇ ಕೆಳಗಿಳಿಯಬೇಕು. ಕಸದ ಲಾರಿ ಆ ಗುಡ್ಡ ಹತ್ತುವುದಿಲ್ಲ.

ಊರಿಗೆ ಬಂದ ದಿನವೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣುಗು ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ಮುಂದಿನ ಎರಡು ವಾರದಲ್ಲಿ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯದೆ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಹೋಗಿ, ಕಾಡಿಗೆ ಹೋಗಿಬಂದದ್ದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.